ಫೋನಿಗೆ ಬರುವ ಇಂಟರ್ನೆಟ್ ಹಳೇ ಕಂಪ್ಯೂಟರಿಗೆ ಯಾಕೆ ಬರಲ್ಲ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಶಿರಸಿ ಹತ್ತಿರದ ಹಳ್ಳಿ. ಮನೆಯಲ್ಲಿ 2010ರಲ್ಲಿ ಕೊಂಡ ಡೆಸ್ಕ್‌ಟಾಪ್ ಇದೆ, ವಿಂಡೋಸ್ 7. ನುಡಿಯಲ್ಲಿ ಟೈಪ್ ಮಾಡಿದ ಬರಹಗಳು, ತೋಟದ ಲೆಕ್ಕ ಎಲ್ಲ ಅದರಲ್ಲೇ ಇವೆ. ಎರಡು ತಿಂಗಳ ಹಿಂದೆ ಫೋನ್ ಲೈನಿನ ಬ್ರಾಡ್‌ಬ್ಯಾಂಡ್ ತೆಗೆಸಿ ಫೈಬರ್ ಹಾಕಿಸಿದೆವು. ಮೊಬೈಲ್‌ಗಳಲ್ಲಿ ಚೆನ್ನಾಗಿ ಬರುತ್ತಿದೆ, ಕಂಪ್ಯೂಟರಿನಲ್ಲಿ ಮಾತ್ರ ಇಲ್ಲ. ಮೊದಲಿನಂತೆ ‘ಕನೆಕ್ಟ್’ ಒತ್ತಿದರೆ ‘ಎರರ್ 651’ ಅನ್ನುತ್ತದೆ. ಲೈನ್ ಹಾಕಿದ ಹುಡುಗ ‘ಕಂಪ್ಯೂಟರ್ ಹಳೇದಾಯ್ತು’ ಅಂದ. ಪೇಟೆಯ ಅಂಗಡಿಯವರು ‘ಸಿಡಿಲಿಗೆ ಲ್ಯಾನ್ ಕಾರ್ಡ್ (ನೆಟ್ ಕೇಬಲ್ ಚುಚ್ಚುವ ಭಾಗ) ಹೋಗಿದೆ’ ಎಂದು ಯುಎಸ್‌ಬಿಯ ವೈಫೈ ಅಡಾಪ್ಟರ್ ಕೊಟ್ಟರು. ಅದು ‘ಕನೆಕ್ಟೆಡ್’ ಅಂತ ತೋರಿಸುತ್ತದೆ, ಆದರೆ ಯಾವ ಸೈಟಿಗೆ ಹೋದರೂ ‘ನಿಮ್ಮ ಗಡಿಯಾರ ಹಿಂದಿದೆ’ ಎಂಬ ಎಚ್ಚರಿಕೆ. ಗುಡುಗು ಬಂದಾಗಲೆಲ್ಲ ಪ್ಲಗ್ ಕಿತ್ತೇ ಇಡುತ್ತೇವೆ. ಹಾಗಿದ್ದೂ ಕಾರ್ಡ್ ಹೋಯಿತೇ? ಹೊಸ ಕಂಪ್ಯೂಟರ್ ತಗೊಳ್ಳಲೇಬೇಕಾ?

ಉತ್ತರ: ಮೇಷ್ಟ್ರೇ, ಸದ್ಯಕ್ಕೆ ಬೇಡ. ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ಇಲ್ಲಿ ಇರುವುದು ಒಂದು ತೊಂದರೆ ಅಲ್ಲ, ಕಡೇ ಪಕ್ಷ ಎರಡು. ಮೂರನೆಯದೂ ಇರಬಹುದು ಅಂತ ನನ್ನ ಅನುಮಾನ. ಒಂದರ ಹಿಂದೆ ಒಂದು ನಿಂತಿರುವುದರಿಂದ ಯಾವುದನ್ನು ಸರಿಮಾಡಿದರೂ ‘ಇನ್ನೂ ಬರ್ತಿಲ್ಲ’ ಅನ್ನಿಸುತ್ತದೆ. ಅದಕ್ಕೇ ನೋಡಿದವರೆಲ್ಲ ಕೈಚೆಲ್ಲಿ ವಯಸ್ಸಿನ ಮೇಲೆ ಗೂಬೆ ಕೂರಿಸಿದ್ದಾರೆ.

ಮೊದಲು ಆ ಗಡಿಯಾರದ ಮಾತು. ಅದು ಕೆಟ್ಟ ಸುದ್ದಿಯಂತೆ ಕಂಡರೂ ನನಗೆ ಅದೇ ಒಳ್ಳೆಯ ಸುದ್ದಿ. ಯಾಕೆ ಅಂದರೆ ನೆಟ್ ಬಾರದಿದ್ದರೆ ಆ ಎಚ್ಚರಿಕೆಯೇ ಬರುತ್ತಿರಲಿಲ್ಲ. ಈಗ ಹೆಚ್ಚುಕಮ್ಮಿ ಎಲ್ಲ ಸೈಟುಗಳೂ ಬೀಗದ ಗುರುತಿನವು. ನಾವು ತಟ್ಟಿದ ಕೂಡಲೇ ಸೈಟು ತನ್ನ ಸರ್ಟಿಫಿಕೇಟ್ ಕಳಿಸುತ್ತದೆ. ಅದರಲ್ಲಿ ‘ಈ ತಾರೀಖಿನಿಂದ ಈ ತಾರೀಖಿನವರೆಗೆ’ ಅಂತ ಬರೆದಿರುತ್ತದೆ. ಬ್ರೌಸರ್ ಅದನ್ನು ಕಂಪ್ಯೂಟರಿನ ತಾರೀಖಿಗೆ ಹೋಲಿಸಿ ನೋಡುತ್ತದೆ. ನಿಮ್ಮ ಯಂತ್ರ ಇವತ್ತು 2010ನೇ ಇಸವಿ ಅಂತ ನಂಬಿಕೊಂಡಿದ್ದರೆ, ಈ ವರ್ಷ ಕೊಟ್ಟ ಸರ್ಟಿಫಿಕೇಟ್ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇಲ್ಲ. ಒಳಗೆ ಬಿಡುವುದಿಲ್ಲ. ಅಂದರೆ ಸರ್ಟಿಫಿಕೇಟ್ ನಿಮ್ಮ ಮನೆತನಕ ಬಂದು ತಲುಪಿದೆ. ಲೈನು ಸರಿ ಇದೆ, ವೈಫೈ ಸರಿ ಇದೆ, ಪಾಸ್‌ವರ್ಡ್ ಸರಿ ಇದೆ. ಬಾಗಿಲ ಹತ್ತಿರ ಬಂದವರನ್ನು ಒಳಗಿನ ಕ್ಯಾಲೆಂಡರ್ ಹೊರಗೆ ನಿಲ್ಲಿಸಿದೆ, ಅಷ್ಟೇ.

ಕ್ಯಾಲೆಂಡರ್ ಯಾಕೆ ಹಿಂದೆ ಹೋಯಿತು? ಉತ್ತರ ನಿಮ್ಮ ಕೊನೆಯ ಸಾಲುಗಳಲ್ಲಿದೆ. ಗುಡುಗಿಗೆ ಪ್ಲಗ್ ಕೀಳುತ್ತೀರಿ. ಕಂಪ್ಯೂಟರ್ ಆಫ್ ಆಗಿದ್ದರೂ ಪ್ಲಗ್ ಚುಚ್ಚಿಕೊಂಡೇ ಇದ್ದರೆ ಒಳಗಿನ ಮುಖ್ಯ ಹಲಗೆಗೆ, ಅಂದರೆ ಮದರ್‌ಬೋರ್ಡಿಗೆ, ಚೂರು ಕರೆಂಟ್ ಹೋಗುತ್ತಲೇ ಇರುತ್ತದೆ, ಗಡಿಯಾರ ನಡೆಯುತ್ತದೆ. ಪ್ಲಗ್ ಕಿತ್ತಾಗ ಅದನ್ನು ನಡೆಸುವುದು ಬೋರ್ಡಿನ ಮೇಲಿರುವ ನಾಣ್ಯದಂಥ ಒಂದು ಸೆಲ್. ಅದರ ಹೆಸರು ಸಿಆರ್ 2032, 3 ವೋಲ್ಟಿನದು. 2010ರ ಸೆಲ್ ಇಷ್ಟು ಹೊತ್ತಿಗೆ ಸತ್ತಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಹಾಗಾಗಿ ಒಂದೊಂದು ಗುಡುಗಿಗೂ ನಿಮ್ಮ ಕಂಪ್ಯೂಟರ್ ತನ್ನ ಹುಟ್ಟಿದ ವರ್ಷಕ್ಕೆ ಹೋಗಿ ಕೂರುತ್ತಿದೆ. ಮಳೆಗಾಲದಲ್ಲಿ ಜಾಸ್ತಿ ಕಾಡುವ, ಬೇಸಿಗೆಯಲ್ಲಿ ಮಾಯವಾಗುವ ನೆಟ್ ತೊಂದರೆ ಅಂದರೆ ನಾನು ಮೊದಲು ಕೇಳುವ ಪ್ರಶ್ನೆಯೇ ‘ತಾರೀಖು ಎಷ್ಟು ತೋರಿಸ್ತಿದೆ?’ ಅಂತ.

ಸದ್ಯಕ್ಕೆ ಕೆಳಗೆ ಬಲತುದಿಯ ಗಡಿಯಾರ ಒತ್ತಿ ಕೈಯಾರೆ ತಾರೀಖು ಸರಿಮಾಡಿ. ಇಸವಿಯನ್ನೂ ನೋಡಿ. ಬಹಳ ಜನ ದಿನ, ತಿಂಗಳು ಸರಿಮಾಡಿ ಇಸವಿಯನ್ನು ಮರೆಯುತ್ತಾರೆ. ವಿಂಡೋಸ್ ತಾನೇ ಇಂಟರ್ನೆಟ್ಟಿನಿಂದ ಸಮಯ ತರಿಸಿಕೊಳ್ಳಲ್ವಾ ಅಂತ ಕೇಳಬಹುದು. ತರಿಸಿಕೊಳ್ಳುತ್ತದೆ. ಆದರೆ ಅದು ಮಾಮೂಲಿಯಾಗಿ ವಾರಕ್ಕೊಮ್ಮೆ, ಅದೂ ವ್ಯತ್ಯಾಸ ಸಣ್ಣದಿದ್ದಾಗ. ವರ್ಷಗಟ್ಟಲೆ ಅಂತರ ಇದ್ದರೆ ಅದು ಸುಮ್ನೆ ಇದ್ದುಬಿಡುತ್ತದೆ.

ಸೆಲ್ ಬದಲಿಸುವುದು ಕಷ್ಟದ ಕೆಲಸ ಅಲ್ಲ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ಕೀಳಿ, ಪವರ್ ಬಟನ್ ನಾಲ್ಕೈದು ಸೆಕೆಂಡ್ ಒತ್ತಿ ಹಿಡಿದು ಒಳಗೆ ಉಳಿದ ಕರೆಂಟ್ ಖಾಲಿಯಾಗಲು ಬಿಡಿ. ಪಕ್ಕದ ಮುಚ್ಚಳ ತೆಗೆಯಿರಿ. ಕ್ಯಾಬಿನೆಟ್ಟಿನ ಲೋಹವನ್ನೊಮ್ಮೆ ಮುಟ್ಟಿ. ಸೆಲ್ಲಿನ ಅಂಚಿನಲ್ಲಿರುವ ಸಣ್ಣ ಕ್ಲಿಪ್ಪನ್ನು ಸರಿಸಿದರೆ ಅದು ತಾನೇ ಮೇಲೆ ಹಾರುತ್ತದೆ. ಹೊಸದರ ಅಕ್ಷರ ಇರುವ ಮುಖ, ಅಂದರೆ ಪ್ಲಸ್ ಗುರುತು, ಮೇಲೆ ಬರುವಂತೆ ಕೂರಿಸಿ. ಬೇರೆಯವರಿಗೆ ನಾನು ಇಲ್ಲೊಂದು ಎಚ್ಚರಿಕೆ ಕೊಡುತ್ತೇನೆ. ಸೆಲ್ ತೆಗೆದಾಗ ಬಯಾಸ್, ಅಂದರೆ ವಿಂಡೋಸಿಗೂ ಮೊದಲು ಏಳುವ ಪ್ರೋಗ್ರಾಮಿನ, ಸೆಟಿಂಗ್ ಅಳಿಸಿ ಹೋಗಬಹುದು. ಹಾರ್ಡ್ ಡಿಸ್ಕಿನ ಜೊತೆ ಮಾತಾಡುವ ರೀತಿ, ಅಂದರೆ ಸಾಟಾ ಮೋಡ್, ಐಡಿಇಯಿಂದ ಎಎಚ್‌ಸಿಐಗೋ, ಅಲ್ಲಿಂದ ಇಲ್ಲಿಗೋ ಬದಲಾದರೆ ವಿಂಡೋಸ್ 7 ನೀಲಿ ಪರದೆ ತೋರಿಸಿ ನಿಂತುಬಿಡುತ್ತದೆ. ಅದಕ್ಕೆ ಮೊದಲೇ ಬಯಾಸ್ ಪರದೆಗಳ ಫೋಟೊ ತೆಗೆದಿಡಬೇಕು. ನಿಮಗೆ ಆ ಹೆದರಿಕೆ ಇಲ್ಲ. ಸತ್ತ ಸೆಲ್ಲಿನಲ್ಲಿ ಎಷ್ಟೋ ಸಲ ಪ್ಲಗ್ ಕಿತ್ತಿದ್ದೀರಿ. ಅಳಿಸಿ ಹೋಗುವುದೆಲ್ಲ ಆಗಲೇ ಹೋಗಿದೆ, ಆದರೂ ವಿಂಡೋಸ್ ತೆರೆದುಕೊಳ್ಳುತ್ತಿದೆ.

ಈಗ 651ಕ್ಕೆ ಬರೋಣ. ಇದು ಬೇರೆಯೇ ಕತೆ.

ನಿಮ್ಮ ಹಳೇ ಬ್ರಾಡ್‌ಬ್ಯಾಂಡಿನಲ್ಲಿ ಮೋಡೆಮ್ ಒಂದು ಸೇತುವೆ ಮಾತ್ರ ಆಗಿತ್ತು. ಲೈನಿನ ಬಾಗಿಲು ತೆರೆಸುವ ಕೆಲಸ ಕಂಪ್ಯೂಟರಿನದು. ಆ ‘ಬ್ರಾಡ್‌ಬ್ಯಾಂಡ್ ಕನೆಕ್ಷನ್’ ಐಕಾನ್ ಒತ್ತಿ, ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಡಯಲ್ ಮಾಡುತ್ತಿದ್ದಿರಿ, ಅಲ್ವಾ? ಆ ಪದ್ಧತಿಯ ಹೆಸರು ಪಿಪಿಪಿಒಇ. ‘ಕನೆಕ್ಟ್’ ಒತ್ತಿದಾಗ ಕಂಪ್ಯೂಟರು ಕೇಬಲಿನಲ್ಲಿ ‘ಆ ಕಡೆ ಯಾರಾದರೂ ಇದ್ದೀರಾ?’ ಎಂದು ಕೂಗುತ್ತದೆ. ಫೋನ್ ಎಕ್ಸ್‌ಚೇಂಜ್ ಕಡೆಯಿಂದ ‘ಇದ್ದೇವೆ’ ಎಂಬ ಉತ್ತರ ಬರುತ್ತಿತ್ತು. ಈಗ ಫೈಬರಿನ ಪೆಟ್ಟಿಗೆ ತಾನೇ ಆ ಕೆಲಸ ಮುಗಿಸಿ ಮನೆಗೆಲ್ಲ ಹಂಚುತ್ತಿದೆ. ನಿಮ್ಮ ಕಂಪ್ಯೂಟರ್ ಇನ್ನೂ ಕೂಗುತ್ತಿದೆ, ಓಗೊಡುವವರು ಯಾರೂ ಇಲ್ಲ. ಅದೇ 651. ವಿಂಡೋಸ್ ಎಕ್ಸ್‌ಪಿಯಲ್ಲಿ ಇದೇ ಸ್ಥಿತಿಗೆ 678 ಅಂತ ಬರುತ್ತಿತ್ತು. 691 ಬಂದಿದ್ದರೆ ಬೇರೆ ಮಾತು. ಅದರರ್ಥ ಆ ಕಡೆಯವರು ಓಗೊಟ್ಟು, ಪಾಸ್‌ವರ್ಡ್ ನೋಡಿ, ‘ನೀವು ಯಾರೋ ಗೊತ್ತಿಲ್ಲ’ ಅಂದಿದ್ದಾರೆ ಅಂತ.

ಹಾಗಾಗಿ ಡಯಲ್ ಮಾಡುವುದನ್ನು ಬಿಟ್ಟುಬಿಡಿ. ಆ ಐಕಾನನ್ನು ಡಿಲೀಟ್ ಮಾಡಿದರೂ ನಷ್ಟ ಇಲ್ಲ. ಕಂಟ್ರೋಲ್ ಪ್ಯಾನೆಲ್‌ನ ಇಂಟರ್ನೆಟ್ ಆಪ್ಷನ್ಸ್‌ನಲ್ಲಿ ‘ಕನೆಕ್ಷನ್ಸ್’ ಎಂಬ ಪುಟ ಇದೆ. ಅಲ್ಲಿ ‘ನೆವರ್ ಡಯಲ್ ಎ ಕನೆಕ್ಷನ್’ ಆರಿಸಿ. ಇಲ್ಲದಿದ್ದರೆ ಬ್ರೌಸರ್ ತೆರೆದಾಗಲೆಲ್ಲ ಹಳೇ ಡಯಲ್ ಕಿಟಕಿ ಎದ್ದು ಬರುತ್ತಿರುತ್ತದೆ. ಅದೇ ಪುಟದ ‘ಲ್ಯಾನ್ ಸೆಟಿಂಗ್ಸ್’ ಒತ್ತಿ, ಪ್ರಾಕ್ಸಿ (ನಡುವಿನ ಬೇರೊಂದು ಕಂಪ್ಯೂಟರಿನ ಮೂಲಕ ಹೋಗುವ ದಾರಿ) ಎಂಬಲ್ಲಿ ಟಿಕ್ ಇದ್ದರೆ ತೆಗೆಯಿರಿ.

ಇನ್ನು ಲ್ಯಾನ್ ಕಾರ್ಡ್. ಅದು ನಿಜವಾಗಿ ಹೋಗಿದೆಯೇ ಅಂತ ನೋಡಲು ಅಂಗಡಿಗೆ ಹೋಗಬೇಕಿಲ್ಲ, ಕಣ್ಣು ಸಾಕು. ವೈಫೈ ಅಡಾಪ್ಟರ್ ಕಿತ್ತಿಡಿ. ಫೈಬರ್ ಪೆಟ್ಟಿಗೆಯ ಹಿಂದೆ ‘ಲ್ಯಾನ್’ ಎಂದು ಬರೆದ ಕಿಂಡಿಯಿಂದ ಕಂಪ್ಯೂಟರಿನ ಹಿಂದಿನ ಕಿಂಡಿಗೆ ಕೇಬಲ್ ಹಾಕಿ. ಎರಡೂ ಕಡೆ ದೀಪ ನೋಡಿ. ಹಸಿರು ಅಥವಾ ಕಿತ್ತಳೆ ದೀಪ ಬಂದು ಮಿಣುಕಿದರೆ ಕಾರ್ಡಿನ ಮುಖ್ಯ ಭಾಗಕ್ಕೆ ಜೀವ ಇದೆ. ದೀಪವೇ ಬರದಿದ್ದರೆ ಕೂಡಲೇ ಕಾರ್ಡನ್ನು ದೂರಬೇಡಿ. ಪೆಟ್ಟಿಗೆಯ ಬೇರೆ ಕಿಂಡಿಗೆ ಹಾಕಿ ನೋಡಿ. ಬೇರೆ ಕೇಬಲ್ ಹಾಕಿ ನೋಡಿ. ಕೇಬಲಿನಲ್ಲಿ ಎಂಟು ತಂತಿ ಇರುತ್ತವೆ. 100 ಎಂಬಿಪಿಎಸ್ ವೇಗಕ್ಕೆ ಅದರಲ್ಲಿ ನಾಲ್ಕು ಸಾಕು, 1, 2, 3 ಮತ್ತು 6ನೇ ತಂತಿಗಳು. ಅವುಗಳಲ್ಲಿ ಒಂದು ಕಡಿದರೂ ಕೆಲಸ ಕೆಟ್ಟಿತು. ಅಟ್ಟದ ಮೇಲಿಂದ ಎಳೆದ ಕೇಬಲಾದರೆ ಇಲಿ ಕಡಿದಿದೆಯಾ ನೋಡಿ. ತುದಿಯ ಪ್ಲಾಸ್ಟಿಕ್ ಕೊಂಡಿ ಮುರಿದಿದ್ದರೆ ಪಿನ್ ಅರ್ಧ ಒಳಗೆ, ಅರ್ಧ ಹೊರಗೆ ನಿಂತಿರುತ್ತದೆ. ನಾನೇ ಒಮ್ಮೆ ಗೆಳೆಯರ ಅಂಗಡಿಯಲ್ಲಿ ಒಂದಿಡೀ ಮಧ್ಯಾಹ್ನ ಕೂತು ಹೊಸ ಕಾರ್ಡ್ ಹಾಕಿದೆ, ಡ್ರೈವರ್ ಹಾಕಿದೆ. ಕೊನೆಗೆ ನೋಡಿದರೆ ಈ ಕೊಂಡಿಯೇ ಮುರಿದಿತ್ತು. ಅವತ್ತಿನಿಂದ ಕೇಬಲನ್ನು ಮೊದಲು ಕೈಯಿಂದ ಒತ್ತಿ ನೋಡದೆ ಮೌಸ್ ಮುಟ್ಟುವುದಿಲ್ಲ.

ಹಾಗಂತ ಅಂಗಡಿಯವರ ಮಾತು ಪೂರ್ತಿ ಸುಳ್ಳು ಅನ್ನಲಾರೆ. ಮಲೆನಾಡಿನಲ್ಲಿ ಸಿಡಿಲಿಗೆ ಲ್ಯಾನ್ ಕಿಂಡಿ ಸುಡುವುದು ಮಾಮೂಲು. ಹಳೇ ಫೋನ್ ಲೈನು ತಾಮ್ರದ್ದು. ಪ್ಲಗ್ ಕಿತ್ತರೂ ಫೋನ್ ತಂತಿ ಮೋಡೆಮ್ಮಿನಲ್ಲೇ ಇದ್ದರೆ ಸಿಡಿಲು ಆ ದಾರಿಯಲ್ಲಿ ಬಂದು ಲ್ಯಾನ್ ಕೇಬಲ್ ಹಿಡಿದು ಕಂಪ್ಯೂಟರಿಗೆ ಇಳಿಯುತ್ತದೆ. ಮಿಕ್ಕದ್ದೆಲ್ಲ ಚೆನ್ನಾಗಿದ್ದು ಲ್ಯಾನ್ ಮಾತ್ರ ಸತ್ತಿರುತ್ತದೆ. ಡಿವೈಸ್ ಮ್ಯಾನೇಜರ್ ತೆರೆದಾಗ ‘ನೆಟ್‌ವರ್ಕ್ ಅಡಾಪ್ಟರ್ಸ್’ ಕೆಳಗೆ ಕಾರ್ಡಿನ ಹೆಸರೇ ಇಲ್ಲದಿದ್ದರೆ, ಕೇಬಲ್ ಬದಲಿಸಿದರೂ ದೀಪ ಬಾರದಿದ್ದರೆ, ಆಗ ಒಪ್ಪಿಕೊಳ್ಳೋಣ. ಆಗಲೂ ಹೊಸ ಕಂಪ್ಯೂಟರ್ ಬೇಡ. ಮದರ್‌ಬೋರ್ಡಿನ ಮೇಲಿರುವ ಪಿಸಿಐ ಎಂಬ ಕಿಂಡಿಗೆ ಹಾಕುವ ಬಿಡಿ ಕಾರ್ಡ್ ಸಾಕು. ನಿಮ್ಮ ವಿಷಯದಲ್ಲಿ ನನಗೆ ಅದು ಅಷ್ಟಾಗಿ ಹೊಂದುತ್ತಿಲ್ಲ. ಲ್ಯಾನ್ ಕಾರ್ಡ್ ಪೂರ್ತಿ ಸತ್ತಿದ್ದರೆ ಡಯಲ್ ಮಾಡಲು ಹೋದಾಗಲೂ 651 ಬರಬಹುದು ಅನ್ನುವುದು ನಿಜ. ಆದರೆ ತೊಂದರೆ ಶುರುವಾದದ್ದು ಫೈಬರ್ ಹಾಕಿದ ದಿನ, ಸಿಡಿಲು ಬಡಿದ ದಿನ ಅಲ್ಲವಲ್ಲ.

ದೀಪ ಬಂತು, ಆದರೂ ಹಳದಿ ತ್ರಿಕೋನ, ‘ಅನ್‌ಐಡೆಂಟಿಫೈಡ್ ನೆಟ್‌ವರ್ಕ್’ ಅಂತ ತೋರಿಸುತ್ತದೆ. ಹಾಗೇ ಆಗಬಹುದು ಅಂತ ನನ್ನ ಊಹೆ. ಇದೇ ನಾನು ಹೇಳಿದ ಮೂರನೆಯ ಅನುಮಾನ, ಮತ್ತು ಹಳೇ ಕಂಪ್ಯೂಟರುಗಳಲ್ಲಿ ನಾನು ಅತಿ ಹೆಚ್ಚು ಕಂಡದ್ದೂ ಇದನ್ನೇ. ಆಗಿನ ಕಾಲದಲ್ಲಿ ಲೈನ್ ಹಾಕಲು ಬಂದವರು ಕಂಪ್ಯೂಟರಿಗೆ ಕೈಯಾರೆ ಒಂದು ವಿಳಾಸ ಬರೆದು ಹೋಗುತ್ತಿದ್ದರು. ಮೋಡೆಮ್ 192.168.1.1 ಆದರೆ ಕಂಪ್ಯೂಟರಿಗೆ 192.168.1.10, ಹೀಗೆ. ಅದು ವರ್ಷಗಟ್ಟಲೆ ಕೆಲಸ ಮಾಡಿತು, ಎಲ್ಲರೂ ಮರೆತರು. ಹೊಸ ಪೆಟ್ಟಿಗೆಯ ವಿಳಾಸ 192.168.100.1 ಇದ್ದರೆ? ಅದರ ಓಣಿ ಬೇರೆ, ನಿಮ್ಮ ಕಂಪ್ಯೂಟರಿನ ಓಣಿ ಬೇರೆ. ಒಂದೇ ಕೇಬಲಿನ ಎರಡು ತುದಿಯಲ್ಲಿದ್ದರೂ ಮಾತುಕತೆ ಇಲ್ಲ. ಮೊಬೈಲಿಗೆ ಈ ಪಂಚಾಯ್ತಿ ಇಲ್ಲ. ಅದು ಮನೆಗೆ ಬಂದ ಕೂಡಲೇ ಪೆಟ್ಟಿಗೆಯನ್ನೇ ಕೇಳಿ ವಿಳಾಸ ತಗೊಳ್ಳುತ್ತದೆ.

ನೋಡುವುದು ಹೀಗೆ. ಸ್ಟಾರ್ಟ್ ಒತ್ತಿ ‘ಸಿಎಂಡಿ’ (cmd) ಎಂಬ ಮೂರು ಇಂಗ್ಲಿಷ್ ಅಕ್ಷರ ಟೈಪ್ ಮಾಡಿ ಎಂಟರ್ ಕೊಡಿ. ಕಪ್ಪು ಕಿಟಕಿ ಬರುತ್ತದೆ. ಅಲ್ಲಿ ‘ಐಪಿಕಾನ್ಫಿಗ್’ (ipconfig) ಎಂದು ಒಂದೇ ಪದವಾಗಿ ಟೈಪ್ ಮಾಡಿ. ‘ಐಪಿವಿ4 ಅಡ್ರೆಸ್’ ಮುಂದಿನ ಸಂಖ್ಯೆ ಬರೆದುಕೊಳ್ಳಿ. ಈಗ ಮೊಬೈಲಿನ ವೈಫೈ ವಿವರದಲ್ಲಿ ‘ಗೇಟ್‌ವೇ’, ಅಂದರೆ ಪೆಟ್ಟಿಗೆಯ ವಿಳಾಸ, ಎಷ್ಟಿದೆ ನೋಡಿ. ಎರಡರ ಮೊದಲ ಮೂರು ಭಾಗ ಒಂದೇ ಇರಬೇಕು. ಬೇರೆ ಇದ್ದರೆ ಕಳ್ಳ ಸಿಕ್ಕಿದ. ಹಾಗಲ್ಲದೆ ಕಂಪ್ಯೂಟರಿನ ಸಂಖ್ಯೆ 169.254ರಿಂದ ಶುರುವಾದರೆ, ಅದು ವಿಳಾಸ ಕೇಳಿದೆ, ಯಾರೂ ಕೊಡಲಿಲ್ಲ, ಬೇಸತ್ತು ತಾನೇ ಒಂದು ಇಟ್ಟುಕೊಂಡಿದೆ ಅಂತ ಅರ್ಥ. ಆಗ ಮತ್ತೆ ಕೇಬಲ್, ಕಿಂಡಿ ಕಡೆಗೆ ನೋಡಬೇಕು.

ಕಳ್ಳ ಸಿಕ್ಕಿದ್ದರೆ ಔಷಧ ಸುಲಭ. ನೆಟ್‌ವರ್ಕ್ ಅಂಡ್ ಶೇರಿಂಗ್ ಸೆಂಟರ್, ಎಡಗಡೆ ‘ಚೇಂಜ್ ಅಡಾಪ್ಟರ್ ಸೆಟಿಂಗ್ಸ್’. ‘ಲೋಕಲ್ ಏರಿಯಾ ಕನೆಕ್ಷನ್’ ಮೇಲೆ ಮೌಸಿನ ಬಲ ಬಟನ್ ಒತ್ತಿ, ಪ್ರಾಪರ್ಟೀಸ್. ಪಟ್ಟಿಯಲ್ಲಿ ‘ಇಂಟರ್ನೆಟ್ ಪ್ರೊಟೊಕಾಲ್ ವರ್ಷನ್ 4’ ಇರುತ್ತದೆ, ಅದರ ಪ್ರಾಪರ್ಟೀಸ್. ಅಲ್ಲಿರುವ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟು, ಮೇಲೆ ಒಂದು ಕೆಳಗೆ ಒಂದು, ಎರಡೂ ಕಡೆ ‘ಆಟೊಮ್ಯಾಟಿಕಲಿ’ ಎಂಬುದನ್ನೇ ಆರಿಸಿ. ಕೆಳಗಿನದು ಡಿಎನ್‌ಎಸ್, ಅದನ್ನು ಮರೆಯಬೇಡಿ. ಬರೀ ಮೇಲಿನದನ್ನು ಬದಲಿಸಿ ಹಳೇ ಕಂಪನಿಯ ಡಿಎನ್‌ಎಸ್ ಹಾಗೇ ಬಿಟ್ಟರೆ ಕಂಪ್ಯೂಟರಿಗೆ ನೆಟ್ ಇರುತ್ತದೆ, ಆದರೆ ಸೈಟಿನ ಹೆಸರಿಂದ ಅದರ ವಿಳಾಸ ಹುಡುಕಲು ಬರುವುದಿಲ್ಲ. ಡೈರೆಕ್ಟರಿ ಇಲ್ಲದ ಫೋನಿನಂತೆ.

ಈಗ ಅದೇ ಕಪ್ಪು ಕಿಟಕಿಯಲ್ಲಿ ‘ಪಿಂಗ್’ (ping) ಎಂಬ ಆಜ್ಞೆಯಿಂದ ಮೆಟ್ಟಿಲು ಹತ್ತಿ ನೋಡಿ. ಒಂದು ವಿಳಾಸಕ್ಕೆ ‘ಇದ್ದೀಯಾ?’ ಎಂದು ಕೂಗಿ ಉತ್ತರಕ್ಕೆ ಕಾಯುವ ಆಜ್ಞೆ ಇದು; ping ಎಂದು ಬರೆದು, ಒಂದು ಜಾಗ ಬಿಟ್ಟು, ವಿಳಾಸ ಬರೆದು ಎಂಟರ್ ಕೊಡಿ. ಮೊದಲು ಪೆಟ್ಟಿಗೆಯ ವಿಳಾಸಕ್ಕೆ ಪಿಂಗ್ ಮಾಡಿ. ಉತ್ತರ ಬಂದರೆ ಮನೆಯೊಳಗೆ ಎಲ್ಲ ಸರಿ. ಆಮೇಲೆ 8.8.8.8ಕ್ಕೆ. ಅದು ಗೂಗಲ್‌ನ ಡಿಎನ್‌ಎಸ್ ಸರ್ವರ್. ಉತ್ತರ ಬಂದರೆ ಮನೆಯಾಚೆಯೂ ಸರಿ. ಆಮೇಲೆ ಯಾವುದಾದರೂ ಸೈಟಿನ ಹೆಸರಿಗೆ. ಸಂಖ್ಯೆಗೆ ಬಂದು ಹೆಸರಿಗೆ ಬರದಿದ್ದರೆ ಡಿಎನ್‌ಎಸ್ ತಪ್ಪಿದೆ. ಮೂರಕ್ಕೂ ಬಂದು ಬ್ರೌಸರ್ ಮಾತ್ರ ತೆರೆಯದಿದ್ದರೆ ಕೇಬಲು, ಕಾರ್ಡು, ಲೈನು ಯಾರದೂ ತಪ್ಪಿಲ್ಲ. ತಾರೀಖು, ಪ್ರಾಕ್ಸಿ, ಆಂಟಿವೈರಸ್ ಅಥವಾ ಬ್ರೌಸರೇ ಕಾರಣ.

ಪಿಂಗ್‌ನಲ್ಲಿ ಒಂದು ಮೋಸ ಇದೆ, ಪಳಗಿದವರೂ ಬೀಳುತ್ತಾರೆ. ಕೊನೆಯಲ್ಲಿ ‘ಲಾಸ್ 0%’ ಅಂತ ಬಂದರೆ ಎಲ್ಲ ಸರಿ ಅಂತ ತಿಳಿಯಬೇಡಿ. ಮೇಲಿನ ಸಾಲು ಓದಿ. ‘ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’ ಎಂದಿದ್ದು, ಉತ್ತರ ಕೊಟ್ಟವರ ಜಾಗದಲ್ಲಿ ನಿಮ್ಮದೇ ಕಂಪ್ಯೂಟರಿನ ಸಂಖ್ಯೆ ಇದ್ದರೆ, ಅದು ತನಗೆ ತಾನೇ ‘ಸಿಗಲಿಲ್ಲ’ ಎಂದು ಹೇಳಿಕೊಂಡು ಅದನ್ನೂ ಉತ್ತರ ಅಂತ ಲೆಕ್ಕ ಹಾಕಿದೆ. ಕಂಪ್ಯೂಟರಿನಲ್ಲಿ ಕೈಯಾರೆ ಬರೆದ ಹಳೇ ವಿಳಾಸ ಇನ್ನೂ ಇರುವಾಗ ಹಳೇ ಮೋಡೆಮ್ಮಿನ ವಿಳಾಸಕ್ಕೆ ಪಿಂಗ್ ಮಾಡಿದರೆ ಬರುವುದು ಇದೇ.

ಕೇಬಲ್ ಸರಿಯಾದರೆ ವೈಫೈ ಅಡಾಪ್ಟರ್ ನಿಮಗೆ ಬೇಕಾಗಿಯೇ ಇಲ್ಲ. ಎರಡನ್ನೂ ಒಟ್ಟಿಗೆ ಹಾಕಿಡಬೇಡಿ. ಕೇಬಲ್ ಕಡೆ ತಪ್ಪು ಗೇಟ್‌ವೇ ಇದ್ದಾಗ ವಿಂಡೋಸ್ ಒಮ್ಮೊಮ್ಮೆ ಸರಿ ಇರುವ ವೈಫೈ ಬಿಟ್ಟು ಆ ಕಡೆಗೇ ಓಡುತ್ತದೆ. ವೈಫೈನಲ್ಲೇ ಇರುತ್ತೇನೆ ಎಂದರೂ ತೊಂದರೆ ಇಲ್ಲ. ಅಡಾಪ್ಟರನ್ನು ಕ್ಯಾಬಿನೆಟ್ಟಿನ ಹಿಂದೆ ಚುಚ್ಚದೆ ಮುಂದೆ ಚುಚ್ಚಿ, ಇಲ್ಲವಾದರೆ ಆ ತಗಡೇ ಸಿಗ್ನಲ್ಲಿಗೆ ಅಡ್ಡ ನಿಲ್ಲುತ್ತದೆ. ಅಗ್ಗದ ಅಡಾಪ್ಟರುಗಳು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ, 5 ಗಿಗಾಹರ್ಟ್ಸ್ ಹೆಸರು ಪಟ್ಟಿಯಲ್ಲಿ ಕಾಣುವುದಿಲ್ಲ. ಯಾರಾದರೂ ಪೆಟ್ಟಿಗೆಯ ವೈಫೈ ಭದ್ರತೆಯನ್ನು ಡಬ್ಲ್ಯುಪಿಎ3 ಎಂಬ ಹೊಸ ಪದ್ಧತಿಗೆ ಬದಲಿಸಿದರೆ ವಿಂಡೋಸ್ 7 ಸೇರಿಕೊಳ್ಳಲಾರದು. ಡಬ್ಲ್ಯುಪಿಎ2 ಇರಲಿ ಅಂತ ಹೇಳಿ.

ತಾರೀಖು ಸರಿಯಾದ ಮೇಲೂ ಕೆಲವು ಸೈಟು ಮುನಿಸಿಕೊಳ್ಳಬಹುದು. ಸರ್ಟಿಫಿಕೇಟುಗಳಿಗೆ ಮೂಲ ಜಾಮೀನುದಾರರು ಇರುತ್ತಾರೆ, ಅವರ ಪಟ್ಟಿ ನಿಮ್ಮ ಕಂಪ್ಯೂಟರಿನಲ್ಲಿ ಇರಬೇಕು. ಲಕ್ಷಾಂತರ ಸೈಟುಗಳಿಗೆ ಆಸರೆಯಾಗಿದ್ದ ಅಂಥ ಒಂದು ಮೂಲ ಸರ್ಟಿಫಿಕೇಟಿನ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಬಹುಕಾಲ ಅಪ್‌ಡೇಟ್ ಕಾಣದ ಯಂತ್ರಗಳು ಅವತ್ತಿನಿಂದ ಆ ಸೈಟುಗಳಲ್ಲಿ ಎಡವುತ್ತಿವೆ. ಇದಕ್ಕೆ ಸುಲಭದ ದಾರಿ ಫೈರ್‌ಫಾಕ್ಸ್. ಅದು ವಿಂಡೋಸಿನ ಪಟ್ಟಿಗೆ ಕಾಯದೆ ತನ್ನದೇ ಪಟ್ಟಿ ತರುತ್ತದೆ. ವಿಂಡೋಸ್ 7ಕ್ಕೆ ಫೈರ್‌ಫಾಕ್ಸ್ 115ರ ಇಎಸ್‌ಆರ್ (ದೀರ್ಘಕಾಲ ಅಪ್‌ಡೇಟ್ ಕೊಡುವ) ಆವೃತ್ತಿ ಹಾಕಿಕೊಳ್ಳಿ. ಕ್ರೋಮ್ 109ರಲ್ಲೇ ನಿಂತಿದೆ, ಅದರ ಮುಂದಿನದು ನಿಮ್ಮ ಯಂತ್ರಕ್ಕೆ ಬರುವುದಿಲ್ಲ. ಇಂಟರ್ನೆಟ್ ಎಕ್ಸ್‌ಪ್ಲೋರರನ್ನು ದಯವಿಟ್ಟು ಮರೆತುಬಿಡಿ.

ಒಂದು ಮಾತನ್ನು ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಭದ್ರತಾ ಅಪ್‌ಡೇಟ್ 2020ರ ಜನವರಿ 14ಕ್ಕೆ ನಿಂತಿತು. 2017ರ ಮೇ ತಿಂಗಳಲ್ಲಿ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ಎಂಬ ಪಿಡುಗು ಹರಡಿದಾಗ ಸಿಕ್ಕಿಬಿದ್ದವುಗಳಲ್ಲಿ ಬಹುಪಾಲು ವಿಂಡೋಸ್ 7 ಯಂತ್ರಗಳೇ. ಅದೂ ಎರಡು ತಿಂಗಳ ಹಿಂದೆಯೇ ಬಂದಿದ್ದ ಅಪ್‌ಡೇಟ್ ಹಾಕಿಕೊಳ್ಳದವು. ಪೇಪರ್ ಓದಿ, ಹವಾಮಾನ ನೋಡಿ, ಅಡಿಕೆ ಧಾರಣೆ ನೋಡಿ. ಬ್ಯಾಂಕಿನ ಕೆಲಸ ಅದರಲ್ಲಿ ಬೇಡ. ನೆಟ್ ಹಾಕುವ ಮೊದಲೇ ನುಡಿ ಫೈಲುಗಳನ್ನೂ ಲೆಕ್ಕವನ್ನೂ ಒಂದು ಪೆನ್‌ಡ್ರೈವಿಗೆ ನಕಲು ಮಾಡಿ, ಅದನ್ನು ಕಂಪ್ಯೂಟರಿನಿಂದ ತೆಗೆದು ಬೀರುವಿನಲ್ಲಿಡಿ. ನುಡಿಯ ಹಳೇ ಫೈಲುಗಳು ಯೂನಿಕೋಡ್ ಅಲ್ಲದವಾದರೆ ಆ ಅಕ್ಷರಶೈಲಿಯೂ ಬೇಕಾಗುತ್ತದೆ. ಫಾಂಟಿನ ಫೈಲನ್ನೂ ಜೊತೆಗೆ ಹಾಕಿಕೊಳ್ಳಿ.

ಇಷ್ಟೆಲ್ಲ ಮಾಡಿಯೂ ಬರದಿದ್ದರೆ ಮತ್ತೆ ಬರೆಯಿರಿ. ಆದರೆ ‘ಬರ್ತಿಲ್ಲ’ ಅಂತ ಮಾತ್ರ ಬರೆಯಬೇಡಿ. ಲ್ಯಾನ್ ದೀಪ ಬಂತಾ, ಐಪಿವಿ4 ಸಂಖ್ಯೆ ಎಷ್ಟು, ಮೂರು ಪಿಂಗ್‌ನಲ್ಲಿ ಯಾವುದಕ್ಕೆ ಉತ್ತರ ಬಂತು, ಇಷ್ಟು ಬರೆದರೆ ಇಲ್ಲಿಂದಲೇ ಹೇಳಬಲ್ಲೆ.

ಗುಡುಗಿಗೆ ಪ್ಲಗ್ ಕೀಳುವ ಅಭ್ಯಾಸ ಬಿಡಬೇಡಿ. ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಆಧಾರಕ್ಕೆ ಉಕ್ಕಿನ ತಂತಿ ಇರುವ ಫೈಬರ್ ಕೇಬಲ್‌ಗಳೂ ಇವೆ, ಪೆಟ್ಟಿಗೆಯ ಕರೆಂಟ್ ಅಡಾಪ್ಟರಂತೂ ಕಂಬದ ಲೈನಿಗೇ ಸೇರಿದೆ. ಅದಕ್ಕೇ ಕಂಪ್ಯೂಟರಿನ ಪ್ಲಗ್ಗಿನ ಜೊತೆ ಪೆಟ್ಟಿಗೆಯ ಪ್ಲಗ್ಗನ್ನೂ, ಕಂಪ್ಯೂಟರಿನ ಹಿಂದಿನ ಲ್ಯಾನ್ ಕೇಬಲನ್ನೂ ಕೀಳಿ. ಹೊಸ ಸೆಲ್ ಹಾಕಿದ ಮೇಲೆ ತಾರೀಖು ಹಿಂದೆ ಹೋಗುವುದಿಲ್ಲ.